ಸಕ್ಕರೆ ಚೆಲ್ಲಿದ ಕಾಕು

ಹೋದ ತಿಂಗಳು ನಿಪ್ಪಾಣಿಯ ಸಂತೆಯಲ್ಲಿ ಯಾರೋ ತಂಬಾಕಿನ ಚೀಲ ಝಾಡಿಸಿದರು. ಘಾಟು ಮೂಗಿಗೆ ಬಡಿದದ್ದೇ ತಡ, ಸದಲಗಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ, ನಾವೆಲ್ಲ ಚಿಕ್ಕಮ್ಮ ಎಂಬರ್ಥದಲ್ಲಿ ಕರೆಯುತ್ತಿದ್ದ ಕಾಕು ಕಣ್ಣೆದುರು ಬಂದಳು... ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತ, ಬೈಗುಳವಿಲ್ಲದೆ ಒಂದು ಮಾತೂ ಆಡದ ಕಾಕು. ಓಣಿಯ ನಮ್ಮಂಥ ಹುಡುಗಿಯರಿಗೆಲ್ಲ ಅವಳೆಂದರೆ ಜೀವ.

ಎಂಬತ್ತರ ದಶಕದ ಮಾತು. ಕಾಕುವಿನ ಮಗಳು ನನ್ನ ಓರಗೆಯವಳು, ಇನ್ನೂ ಹತ್ತನೆಯ ತರಗತಿ. ಅವಳನ್ನು ಕಾಕುವಿನ ದೊಡ್ಡಪ್ಪನ ಮಗನಿಗೆ ಕೊಡುವುದೆಂದು ಗಂಡಸರು ಮಾತು ಮುಗಿಸಿದ್ದರು. ವರಸೆಯಲ್ಲಿ ಹುಡುಗ ಸೋದರಮಾವ; ನಮ್ಮ ಕಡೆ ಅಂಥ ಸಂಬಂಧಕ್ಕೆ ಹೆಣ್ಣಿನ ತಾಯಿಯನ್ನು ಯಾರೂ ಕೇಳುವುದಿಲ್ಲ. ತಂದೆ ಸತ್ತ ಮೇಲೆ ಕಾಕು ಬೆಳೆದದ್ದು ರಾಯಬಾಗದ ಆ ದೊಡ್ಡಪ್ಪನ ಮನೆಯಲ್ಲೇ. ಈ ಸಂಬಂಧ ಬೇಡವೆಂದು ಗಂಡನೆದುರು ದಿನಾ ಗೋಗರೆದಳು. ಕಾರಣ ಮಾತ್ರ ಬಾಯಿಗೆ ಬರಲಿಲ್ಲ.

ನಿಶ್ಚಯದ ದಿನ ಗಂಡಿನ ಮನೆಯ ಹಿರಿಯರು ಹುಡುಗಿಯ ಬಾಯಿಗೆ ಸಕ್ಕರೆ ಹಾಕಬೇಕು. ಹುಡುಗನ ಅಪ್ಪ, ಕಾಕುವಿನ ದೊಡ್ಡಪ್ಪನಾದ ಆ ಮುದುಕ ಕೈ ಚಾಚಿದ. ಕಾಕು ಒಳಗಿನಿಂದ ಓಡಿಬಂದು ಆ ಕೈಗೆ ಹೊಡೆದಳು. ತಟ್ಟೆ ಹಾರಿ ಸಕ್ಕರೆ ಜಮಖಾನದ ತುಂಬ ಚೆಲ್ಲಿತು.

"ಮುಟ್ಟಬ್ಯಾಡ ಆಕೀನ್ನ! ನಾ ಸಣ್ಣಾಕಿ ಇದ್ದಾಗ ನನ್ನ ಹಾಳ ಮಾಡಿದಾಂವ ನೀ. ಆ ಮನಿಗಿ ನನ್ನ ಮಗಳ್ನ ಕಳಸೂದಿಲ್ಲ!"

ಯಾರಾದರೂ ಮುದುಕನ ಕೊರಳಪಟ್ಟಿ ಹಿಡಿಯುತ್ತಾರೆಂದು ನಾನು ಕಾದೆ. ಗಂಡ ಹಿಡಿದದ್ದು ಕಾಕುವಿನ ಕೂದಲು. ದರದರ ಎಳೆದು ಅವಳ ತಲೆಯನ್ನು ಬಾಗಿಲ ಚೌಕಟ್ಟಿಗೆ ಬಡಿದ. ನೆತ್ತರು ಹರಿಯಿತು. ಮತ್ತೊಮ್ಮೆ ಬಡಿದ. ಹೆಂಗಸರು ನೀರು ಹಿಡಿದು ಓಡಿದ್ದು ಮುದುಕನ ಹತ್ತಿರ! ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಮದುವೆ ಮುರಿಯಿತು, ಹುಡುಗಿ ಉಳಿದಳು. ಕಾಕುವಿನ ಮೈ ಉಳಿಯಲಿಲ್ಲ. "ಮದಲ ಯಾಕ ಹೇಳಲಿಲ್ಲ?" ಎಂದು ಗಂಡ ಹೊಡೆದ. "ಈಗ್ಯಾಕ ಹೇಳಿದಿ?" ಎಂದು ಅತ್ತೆ ಹೊಡೆದಳು. ನನ್ನ ಅಕ್ಕನ ಮದುವೆಗೆ ಮುತ್ತೈದೆಯರು ಅರಿಷಿಣ ಕುಟ್ಟುವಾಗ ಕಾಕುವೂ ಒನಕೆಗೆ ಕೈ ಹಚ್ಚಿದಳು. ನನ್ನ ಅಜ್ಜಿ ಆ ಬೆರಳುಗಳ ಮೇಲೆ ಕಟ್ಟಿಗೆಯಿಂದ ಬಾರಿಸಿದಳು. ಅದೇ ಅಜ್ಜಿ ಹಿಂದಿನ ವಾರವಷ್ಟೇ ಆ ಮುದುಕನ ಮನೆಯಲ್ಲಿ ಹೋಳಿಗೆ ಉಂಡು ಬಂದಿದ್ದಳು.

ಕಾಕು ಬೆರಳನ್ನು ಬಾಯಲ್ಲಿಟ್ಟುಕೊಂಡು ತೆಗೆದಳು. "ಹೊಡೀರಿ ಆಯಿ... ನನ್ನ ಮಗಳು ಸಾಲಿಗಿ ಹೊಂಟಾಳ."

ಹೋದ ವರ್ಷ ಕಾಕು ತೀರಿಕೊಂಡಳು. ಗಂಡ ಇನ್ನೂ ಇದ್ದಾನೆ, ಹಾಗಾಗಿ ಮುತ್ತೈದೆ ಸಾವು. ಅಷ್ಟು ವರ್ಷ ಅವಳ ಹೊಸ್ತಿಲು ತುಳಿಯದ ಹೆಂಗಸರು ಹಸಿರು ಸೀರೆ, ಕುಂಕುಮ ಹಿಡಿದು ಹೆಣದ ಉಡಿ ತುಂಬಲು ಬಂದರು. ಅಥಣಿಯಲ್ಲಿ ನರ್ಸ್ ಆಗಿರುವ ಮಗಳು ಬಾಗಿಲಿಗೆ ಅಡ್ಡ ನಿಂತಳು.

"ಜೀವ ಇದ್ದಾಗ ಒಬ್ರೂ ಬರಲಿಲ್ಲ. ಈಗ ಬರಬ್ಯಾಡ್ರಿ. ನಡೀರಿ."

ಕೊನೆಯ ಸ್ನಾನವನ್ನು ನಾವಿಬ್ಬರೇ ಮಾಡಿಸಿದೆವು. ಕಾಕು ಇಲ್ಲದ ಆ ಓಣಿಗೆ ನಾನೀಗ ಹೋಗುವುದಿಲ್ಲ. ಹೋದರೆ ಯಾರ ಕೆನ್ನೆಗಾದರೂ ಬಾರಿಸಿಬಿಟ್ಟೇನೆಂದು ನನಗೇ ಹೆದರಿಕೆ.