ಅಂಗಳದ ಬದಿಯ ಕೋಣೆ

ಟರ್ಕಿಯ ಒಂದು ಹಳೆಯ ಊರಿನಲ್ಲಿ ಎಲ್ಲಿ ಉಳಿದುಕೊಳ್ಳಬೇಕು ಎಂದು ತೀರ್ಮಾನಿಸಲು ನಮಗೆ, ಮೂವರು ಅಕ್ಕತಂಗಿಯರಿಗೆ, ಐದು ಭಾನುವಾರ ಹಿಡಿಯಿತು. ಅಕ್ಕ ಡಲ್ಲಾಸ್‌ನಲ್ಲಿ, ತಂಗಿ ಆಸ್ಟಿನ್‌ನಲ್ಲಿ, ನಡುವಿನವಳಾದ ನಾನು ಹ್ಯೂಸ್ಟನ್‌ನಲ್ಲಿ. ಮೂವರೂ ಫೋನಿನಲ್ಲಿ ಒಟ್ಟಿಗೆ ಕೂಡುತ್ತಿದ್ದೆವು. ಮಾತು ಅಕ್ಕನದು, ತಕರಾರು ತಂಗಿಯದು, ಹೂಂಗುಟ್ಟುವುದು ನನ್ನದು. ಧಾರವಾಡದಲ್ಲಿದ್ದಾಗಲೂ ಹಾಗೆಯೇ ಇತ್ತು.

ಊರಿನ ಹೆಸರು ಸಫ್ರಾನ್‌ಬೊಲು. ತಂಗಿ ಆಸ್ಟಿನ್‌ನಲ್ಲಿ ಎಂ.ಎಸ್. ಓದುವಾಗ ಅವಳ ಜೊತೆ ಕೋಣೆಯಲ್ಲಿದ್ದ ಹುಡುಗಿ ಆ ಊರಿನವಳು. ಕಣಿವೆಯ ತಳದಲ್ಲಿ ಹಳೆಯ ಪೇಟೆ, ಸುತ್ತ ಸುಣ್ಣ ಬಳಿದ ಮರದ ಮನೆಗಳು, ಮೇಲಂತಸ್ತು ಬೀದಿಯ ಮೇಲೆ ಚಾಚಿಕೊಂಡಿರುತ್ತದೆ, ಕಿಟಕಿಗಳ ಕೆಳಗೆ ಉದ್ದಕ್ಕೂ ಕೂರುವ ಕಟ್ಟೆ ಇರುತ್ತದೆ. ಬೆಳಿಗ್ಗೆ ಆ ಕಟ್ಟೆಯ ಮೇಲೆ ಮಲಗಿದ್ದರೆ ತಾಮ್ರದವರು ಪಾತ್ರೆ ಬಡಿಯುವುದು ಕೇಳುತ್ತದೆ ಎಂದು ಆ ಹುಡುಗಿ ಹೇಳಿದ್ದಳಂತೆ. ತಂಗಿ ಅದನ್ನು ಹದಿನೈದು ವರ್ಷ ಇಟ್ಟುಕೊಂಡಿದ್ದಳು. ಕಾಯಿಲೆ ಬಂದ ಮೇಲೆ ಹೊರಗೆ ತೆಗೆದಳು.

ಮೂರು ವಾರಕ್ಕೊಮ್ಮೆ ಆಸ್ಟಿನ್‌ನಿಂದ ಹ್ಯೂಸ್ಟನ್‌ಗೆ ಬಂದು ಕ್ಯಾನ್ಸರಿನ ಔಷಧಿ ಹಾಕಿಸಿಕೊಳ್ಳುತ್ತಿದ್ದಳು. ಆಗೆಲ್ಲ ಊರಂಚಿನ ಸ್ಟಾಫರ್ಡ್‌ನ ನಮ್ಮ ಮನೆಯಲ್ಲೇ ಇರುತ್ತಿದ್ದಳು. ಮದುವೆಯಾಗಿರಲಿಲ್ಲ, ನೋಡಿಕೊಳ್ಳಲು ನಾನೇ. ಅಕ್ಟೋಬರ್‌ನಲ್ಲಿ ಒಂದು ತಿಂಗಳ ಬಿಡುವು ಕೊಡುವುದಾಗಿ ಡಾಕ್ಟರು ಆಗಸ್ಟ್ ಕೊನೆಯಲ್ಲೇ ಹೇಳಿದರು. ಯಾಕೆ ಎಂದು ಅವಳು ಕೇಳಲಿಲ್ಲ. ನಾನು ಕೇಳಿದೆ, ಅವರು ಹೇಳಿದರು, ನಾನು ಅಕ್ಕನಿಗೆ ಹೇಳಿದೆ.

"ಹೋಗೂಣು," ಎಂದಳು ಅಕ್ಕ. "ಆದ್ರ ನಾ ಹೇಳಿದಲ್ಲೇ ಇರಬೇಕು. ಆ ಊರಾಗ ಮ್ಯಾಲೆ ಹೊಸಾ ಭಾಗ ಅದ, ಅಲ್ಲೆ ಛಲೋ ಹೋಟೆಲ್ ಅದ. ಲಿಫ್ಟ್, ದೊಡ್ಡ ಬಾತ್‌ರೂಮ್. ದವಾಖಾನಿ ಎದುರಿಗೇ."

"ಅಕ್ಕಾ, ದವಾಖಾನಿ ನೋಡ್ಲಿಕ್ಕೆ ಟರ್ಕಿಗೆ ಯಾಕ ಹೋಗಬೇಕು? ಇಲ್ಲೇ ದಿನಾ ನೋಡತೀನಲ್ಲ," ಎಂದಳು ತಂಗಿ.

"ನಿನ್ನ ಕಾಲು ನೋಡ್ಕೊ ಮೊದಲ. ಆ ಮರದ ಮೆಟ್ಟಲಾ ನೀ ಹತ್ತತೀಯೇನು?"

ಅದು ನಿಜವಾಗಿತ್ತು. ಔಷಧಿಯಿಂದ ಅವಳ ಅಂಗಾಲುಗಳು ಮರಗಟ್ಟಿದ್ದವು. ನೆಲ ಎಲ್ಲಿದೆ ಎಂದು ಕಣ್ಣಿನಿಂದ ನೋಡಿಕೊಂಡು ಹೆಜ್ಜೆ ಇಡುತ್ತಿದ್ದಳು. ಬೆರಳಿನ ತುದಿಯೂ ಹಾಗೇ, ಟೈಪ್ ಮಾಡಲು ಆಗುತ್ತಿರಲಿಲ್ಲ. ಆ ವಾರ ನಮ್ಮ ಮನೆಗೆ ಬಂದಾಗ ಫೋನಿನಲ್ಲಿ ಒಂದು ಹಳೆಯ ಮನೆಯ ಚಿತ್ರ ತೋರಿಸಿದಳು. ಮನೆಯೊಡತಿಯೇ ಕೋಣೆಗಳನ್ನು ಬಾಡಿಗೆಗೆ ಕೊಡುತ್ತಿದ್ದಳು.

"ಸಣ್ಣಕ್ಕಾ, ಮೆಟ್ಟಲಾ ಇಲ್ಲದ ರೂಮ್ ಅದ ಏನು, ಒಂದು ಮೇಲ್ ಬರದು ಕೇಳು. ಒಂದ ರಾತ್ರಿ ಸಾಕು. ಟೂರಿಸ್ಟ್ ಬಸ್ಸುಗಳು ಬರೂಕಿಂತ ಮೊದಲ ಆ ಊರಾಗ ಎದ್ದೇಳಬೇಕು ನಾ, ಅಷ್ಟ."

ಬರೆದೆ. ನಾನು ಓದಿದ್ದು ಪಿಯುಸಿ. ನನ್ನ ಇಂಗ್ಲಿಷ್ ಅಂಗಡಿಯ ಇಂಗ್ಲಿಷ್. ಆದರೂ ಆ ಒಡತಿಗೆ ತಿಳಿಯಿತು. ಬುಧವಾರ ಉತ್ತರ ಬಂತು. ನಾನು ಹಿಲ್‌ಕ್ರಾಫ್ಟ್ ರಸ್ತೆಯ ಕಿರಾಣಿ ಅಂಗಡಿಯಲ್ಲಿ ಕೆಲಸದಲ್ಲಿದ್ದೆ, ಕರಿಬೇವಿನ ಕಟ್ಟು ಕಟ್ಟುತ್ತಿದ್ದೆ. ಕೈ ಒರೆಸಿಕೊಂಡು ಓದಿದೆ. ಕೆಳಗೆ ಅಂಗಳದ ಬದಿಗೆ ಒಂದು ಕೋಣೆ ಇದೆ, ಹೊಸ್ತಿಲು ಬಿಟ್ಟರೆ ಹತ್ತುವಂಥದ್ದೇನಿಲ್ಲ, ಸ್ನಾನದ ಮನೆ ಒಳಗೇ ಇದೆ, ಶುಕ್ರವಾರದವರೆಗೆ ಬೇರೆಯವರಿಗೆ ಕೊಡುವುದಿಲ್ಲ ಎಂದು ಬರೆದಿದ್ದಳು. ಎರಡು ಸಲ ಓದಿದೆ. ಫೋನನ್ನು ಏಪ್ರನ್ ಜೇಬಿಗೆ ಹಾಕಿ ಮತ್ತೆ ಕರಿಬೇವು ಕಟ್ಟಿದೆ.

ಭಾನುವಾರ ತಂಗಿ ಕೇಳಿದಳು, "ಆ ಮನಿಯಾಕಿ ಉತ್ತರ ಬರದಾಳೇನು?"

"ಇಲ್ಲವಾ, ಬಂದಿಲ್ಲ," ಎಂದೆ.

"ನೋಡು, ಮೇಲ್‌ಗೆ ಉತ್ತರ ಕೊಡದಾಕಿ ರಾತ್ರಿ ನೀರು ಬೇಕಂದ್ರ ಕೊಡತಾಳೇನು?" ಎಂದು ಅಕ್ಕ ಅಂದೇ ತನ್ನ ಹೋಟೆಲ್ ಬುಕ್ ಮಾಡಿಬಿಟ್ಟಳು.

ಅಕ್ಕನಿಗೆ ಹೆದರಿ ಹಾಗೆ ಹೇಳಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಏನಾದರೂ ಆದರೆ ನೀನೇ ಹೊಣೆ ಎಂದು ಅವಳು ಅನ್ನುತ್ತಿದ್ದಳು, ಅದು ಖಂಡಿತ. ಆದರೆ ಅದಷ್ಟೇ ಅಲ್ಲ. ಏಳು ತಿಂಗಳು ತಂಗಿಯನ್ನು ಎಬ್ಬಿಸಿ, ಕೂರಿಸಿ, ಕಾಲು ತೊಳೆದು ನನಗೆ ಸಾಕಾಗಿತ್ತು. ನಾಲ್ಕು ದಿನವಾದರೂ ಲಿಫ್ಟ್ ಇರುವ, ಗಂಟೆ ಒತ್ತಿದರೆ ಯಾರಾದರೂ ಬರುವ ಕಡೆ ಮಲಗಬೇಕು ಅನ್ನಿಸಿತ್ತು. ಅವಳಿಗೆ ಬೇಕಾಗಿದ್ದುದು ಒಂದು ಬೆಳಗು. ನನಗೆ ಬೇಕಾಗಿದ್ದುದು ನಿದ್ದೆ. ನಾನು ನನ್ನದನ್ನು ಆರಿಸಿಕೊಂಡೆ.

ಹೋಟೆಲ್ ಅಕ್ಕ ಹೇಳಿದಂತೆಯೇ ಇತ್ತು. ಲಿಫ್ಟ್ ಇತ್ತು, ಬಿಳಿ ಹಾಸಿಗೆ ಇತ್ತು, ಕಿಟಕಿಯಿಂದ ಪೆಟ್ರೋಲ್ ಬಂಕ್ ಕಾಣುತ್ತಿತ್ತು. "ಹ್ಯೂಸ್ಟನ್ ಬಂದಂಗಾತು," ಎಂದಳು ತಂಗಿ, ಪರದೆ ಎಳೆದು. ಅಕ್ಕನ ಸ್ನಾನ, ಪೂಜೆ, ಮೂವರ ತಿಂಡಿ ಮುಗಿದು, ವ್ಯಾನ್ ಹಿಡಿದು ಕೆಳಗಿನ ಪೇಟೆಗೆ ಇಳಿಯುವಷ್ಟರಲ್ಲಿ ಹತ್ತೂವರೆ. ಅಷ್ಟು ಹೊತ್ತಿಗೆ ಪ್ರವಾಸಿಗಳ ಬಸ್ಸುಗಳು ಬಂದು ನಿಂತಿರುತ್ತಿದ್ದವು. ತಾಮ್ರದವರ ಬೀದಿಯಲ್ಲಿ ಜನರ ಗದ್ದಲದ ನಡುವೆ ಸುತ್ತಿಗೆಯ ಸದ್ದು ಯಾವುದು, ಬೇರೆ ಸದ್ದು ಯಾವುದು ತಿಳಿಯುತ್ತಿರಲಿಲ್ಲ. ಕಲ್ಲು ಹಾಸಿದ ದಾರಿಯಲ್ಲಿ ಅವಳು ನನ್ನ ಭುಜ ಹಿಡಿದು ನೆಲ ನೋಡುತ್ತ ನಡೆಯುತ್ತಿದ್ದಳು. ಒಂದು ಗಂಟೆಗೆಲ್ಲ ಸುಸ್ತಾಗಿ ಮತ್ತೆ ವ್ಯಾನ್, ಮತ್ತೆ ಲಿಫ್ಟ್.

ಕೊನೆಯ ದಿನ ಅಕ್ಕ ಮಿಠಾಯಿ ಅಂಗಡಿಯಲ್ಲಿದ್ದಾಗ ತಂಗಿ ಆ ಮನೆಯನ್ನು ತಾನೇ ಹುಡುಕಿದಳು. ಅಂಗಳದಲ್ಲಿ ಒಡತಿ ಬಟ್ಟೆ ಒಣಹಾಕುತ್ತಿದ್ದಳು, ಅಕ್ಕನ ವಯಸ್ಸಿನವಳು. ಕೋಣೆ ನೋಡಬಹುದೇ ಎಂದು ತಂಗಿ ಕೇಳಿ, ಟೆಕ್ಸಸ್‌ನಿಂದ ಬಂದಿದ್ದೇವೆ ಎಂದಳು.

"ಟೆಕ್ಸಸ್?" ಒಡತಿ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. "ಕಾಲು ನೋವಿನ ತಂಗಿ? ನಾನು ಬರೆದಿದ್ದೆ. ನೀವು ಉತ್ತರ ಕೊಡಲಿಲ್ಲ. ಶುಕ್ರವಾರ ಕಾದೆ, ಶನಿವಾರವೂ ಕಾದೆ." ಅವಳದೂ ನನ್ನಂಥದ್ದೇ ಇಂಗ್ಲಿಷ್. ಒಂದು ಶಬ್ದವೂ ತಪ್ಪದೆ ಅರ್ಥವಾಯಿತು.

ತಂಗಿ ನನ್ನ ಕಡೆ ನೋಡಿದಳು. ನಾನು ಒಣಹಾಕಿದ ಬಟ್ಟೆ ನೋಡಿದೆ.

ಒಡತಿ ಬಾಗಿಲು ತೆರೆದಳು. ಹೊಸ್ತಿಲು ನನ್ನ ಅಂಗೈಯಷ್ಟು ಎತ್ತರವಿತ್ತು, ಅಷ್ಟೇ. ಗೋಡೆಯ ಕಪಾಟು ತೆರೆದರೆ ಅದರೊಳಗೆ ಸ್ನಾನದ ಜಾಗ. ಅದನ್ನು ಕಂಡು ತಂಗಿ ಜೋರಾಗಿ ನಕ್ಕಳು. ಚಪ್ಪಲಿ ಬಿಟ್ಟು ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಮಲಗಿ ಕಣ್ಣು ಮುಚ್ಚಿದಳು. ಒಡತಿ ಚಹಾ ತರಲು ಹೋದಳು. ಹೊರಗೆ ಒಬ್ಬ ಗೈಡ್ ಮೈಕಿನಲ್ಲಿ ಮಾತಾಡುತ್ತಿದ್ದ.

"ಇವತ್ತ ರಾತ್ರಿ ಇಲ್ಲೇ ಇರೂಣು. ನಾ ಕೇಳತೀನಿ," ಎಂದೆ.

"ಚಾದರ ಹೊಸಾದು ಹಾಕ್ಯಾಳ, ನೋಡಿಲ್ಲೇನು? ಯಾರೋ ಬರಾವರಿದ್ದಾರ." ಕಣ್ಣು ತೆರೆಯಲಿಲ್ಲ. "ನಾಳೆ ಎಂಟಕ್ಕ ನಮ್ಮ ಬಸ್ ಅದ."

ಕಿಟಕಿಯ ಕಡೆ ಹೊರಳಿ ಅಂದಳು, "ಅಕ್ಕಗ ಹೇಳಬ್ಯಾಡ."

ಬೈದಿದ್ದರೆ ಚೆನ್ನಾಗಿತ್ತು. ಚಿಕ್ಕವಳಿದ್ದಾಗ ಅವಳ ಬಳಪ ಮುರಿದರೆ ಇಡೀ ಓಣಿಗೆ ಕೇಳುವಂತೆ ಕೂಗುತ್ತಿದ್ದವಳು. ಆ ದಿನ ಚಹಾ ಕುಡಿದಳು, ಒಡತಿಯ ಕೈ ಹಿಡಿದು ಥ್ಯಾಂಕ್ಸ್ ಹೇಳಿದಳು, ನನ್ನ ಭುಜ ಹಿಡಿದು ವ್ಯಾನಿಗೆ ನಡೆದಳು. ಹಿಡಿತ ಮೊದಲಿನಷ್ಟೇ ಬಿಗಿ ಇತ್ತು. ಬೇರೆ ಭುಜ ಅವಳಿಗೆ ಎಲ್ಲಿತ್ತು?

ಫೆಬ್ರುವರಿಯಲ್ಲಿ ಹೋಗಿಬಿಟ್ಟಳು.

ವೈಕುಂಠ ಸಮಾರಾಧನೆ ಡಲ್ಲಾಸ್‌ನಲ್ಲಿ ಅಕ್ಕನ ಮನೆಯಲ್ಲಾಯಿತು. ಅಕ್ಕ ಟಿವಿಯಲ್ಲಿ ಟರ್ಕಿಯ ಫೋಟೋಗಳನ್ನು ಹಾಕಿದ್ದಳು. ಬಂದವರಿಗೆಲ್ಲ ಹೇಳುತ್ತಿದ್ದಳು: "ಕೊನೀ ಆಸೆ ಪೂರಾ ಮಾಡಿದ್ವಿ. ಎಂಥಾ ಹೋಟೆಲ್ ಅಂತೀರಿ, ಒಂದು ಮೆಟ್ಟಲಾ ಹತ್ತಿಸಲಿಲ್ಲ ಅಕಿಗೆ."

"ಇಂಥ ಅಕ್ಕಂದಿರು ಸಿಗೋಕೆ ಪುಣ್ಯ ಮಾಡಿರ್ಬೇಕು ಕಣ್ರೀ," ಎಂದರು ಮೈಸೂರಿನ ಒಬ್ಬ ಆಂಟಿ, ನನ್ನ ಬೆನ್ನು ಸವರಿ.

ಆ ಕೈಯನ್ನು ಸಹಿಸಲಾಗಲಿಲ್ಲ. ಅಡುಗೆಮನೆಗೆ ಹೋದೆ. ಅಕ್ಕ ಹಿಂದೆಯೇ ಬಂದಳು, ಎಲೆ ಎಷ್ಟು ಎಂದು ಕೇಳಲು.

"ಅಕ್ಕಾ, ಆ ಹಳೇ ಮನಿಯಾಗ ಕೆಳಗಿನ ರೂಮ್ ಇತ್ತು. ಮೇಲ್ ಬಂದಿತ್ತು. ನಾ ಮುಚ್ಚಿಟ್ಟೆ."

ಅಕ್ಕ ಬೆರಗಾಗಲಿಲ್ಲ. "ಗೊತ್ತದ. ಅಕೀನ ಹೇಳಿದ್ಲು, ದೀಪಾವಳಿಗೆ ಇಲ್ಲಿ ಬಂದಾಗ. ಮೇಲ್ ಬಂದಿತ್ತು, ತಾನ ಬ್ಯಾಡ ಅಂದೆ ಅಂತ. ಹೋಟೆಲೇ ಛಲೋ ಅನಿಸ್ತಂತ ಅಕಿಗೆ."

"ಸುಳ್ಳು ಅದು. ಅಕಿಗೆ ನಾ ತಿಳಿಸಲೇ ಇಲ್ಲ."

"ಸತ್ತವರ ಮಾತು ಸುಳ್ಳು ಮಾಡಬ್ಯಾಡ ನೀ," ಎಂದಳು ಅಕ್ಕ. ಮುಖ ಗಟ್ಟಿಯಾಗಿತ್ತು. ಕೊನೆಯ ಆಸೆ ಆ ಹೋಟೆಲಿನಲ್ಲೇ ಪೂರೈಸಿತು ಎಂಬುದು ಅವಳಿಗೂ ಬೇಕಾಗಿತ್ತು, ಉಳಿದ ಬದುಕಿಗೆ. "ಪಾಯಸ ತಳಾ ಹಿಡೀಲಿಕತ್ತದ. ನೋಡು ಅದನ್ನ."

ನನಗೆ ಹೇಳಬೇಡ ಎಂದವಳು ತಾನೇ ಹೋಗಿ ಹೇಳಿದ್ದಳು, ತಪ್ಪನ್ನು ತನ್ನ ಮೇಲೆ ಎಳೆದುಕೊಂಡು. ಕ್ಷಮಿಸಿದಳು ಎಂದು ಬೇರೆಯವರು ಅನ್ನಬಹುದು. ನನಗೆ ಹಾಗನ್ನಿಸಲಿಲ್ಲ, ಇಂದಿಗೂ ಅನ್ನಿಸುವುದಿಲ್ಲ. ನಾನಾಗಿ ಆರಿಸಿ ಮಾಡಿದ್ದು ಒಂದೇ ಒಂದು ಕೆಲಸ, ಅದೂ ಕೆಟ್ಟದ್ದು. ಅದನ್ನು ನನ್ನದು ಎಂದು ಹೇಳಿಕೊಳ್ಳಲೂ ಬಿಡದೆ ಹೋದಳು. ಅದಕ್ಕೆ ಅವಳ ಮೇಲೆ ನನಗೆ ಸಿಟ್ಟಿದೆ. ಸತ್ತವಳ ಮೇಲೆ ಸಿಟ್ಟು ಮಾಡಿಕೊಂಡವಳ ಜೊತೆ ಯಾರು ಕೂತು ಮಾತಾಡುತ್ತಾರೆ?

ಅಕ್ಕ ಹೊರಗೆ ಹೋದಳು. ನಾನು ಪಾತ್ರೆಯಲ್ಲಿ ಸೌಟು ಇಳಿಸಿ ನೋಡಿದೆ. ತಳ ಹಿಡಿದಿರಲಿಲ್ಲ. ಆದರೂ ಎಲೆ ಹಾಕುವವರೆಗೆ ತಿರುವುತ್ತಲೇ ನಿಂತೆ.