ಕತ್ತರಿಸಿದ ಮೂರು ಸೆಕೆಂಡು

ನಮ್ಮ ಸರ್ ಯಾವ ವಸ್ತುವನ್ನೂ ಮೊದಲು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಚಹಾದ ಲೋಟ, ಬಾಗಿಲ ಚಿಲಕ, ಜ್ವರ ಬಂದ ಮೊಮ್ಮಗಳ ಹಣೆ, ಎಲ್ಲಕ್ಕೂ ಮೊದಲು ಬಲಗೈ ಬೆರಳುಗಳ ಹಿಂಬದಿಯನ್ನು ತಾಗಿಸಿ, ಅರೆಗಳಿಗೆ ತಡೆದು, ಆಮೇಲೆ ಹಿಡಿಯುತ್ತಿದ್ದರು. ಮೂಡಲಗಿಯಲ್ಲಿ ಅವರ ಬಳಿ ಕರೆಂಟಿನ ಕೆಲಸ ಕಲಿಯಲು ಸೇರಿದ ಒಬ್ಬಳೇ ಹುಡುಗಿ ನಾನು. ಮೊದಲ ದಿನವೇ ಅದೇಕೆಂದು ಕೇಳಿದ್ದೆ. “ಅಂಗೈಲೆ ಮುಟ್ಟಿದ್ರ ಕರೆಂಟು ಕೈ ಮುಚ್ಚಸ್ತೈತಿ, ಬಿಡಾಕ ಆಗಂಗಿಲ್ಲ. ಹಿಂದಿನ ಮಗ್ಗಲಿಂದ ಮುಟ್ಟಿದ್ರ ಕೈ ತಾನ ಹಿಂದ ಬರ್ತೈತಿ ತಂಗಿ” ಎಂದಿದ್ದರು.

ಅವರಿಗೆ ಕೆಲಸ ಕಲಿಸಬೇಕಾಗಿದ್ದ ಮಿಸ್ತ್ರಿ, ಮೋಟರಿಗೆ ತಂತಿ ಸುತ್ತುವಾಗ ಕೆಲಸ ಕಾಣಬಾರದೆಂದು ಬೆನ್ನು ತಿರುಗಿಸಿ ಕೂಡುತ್ತಿದ್ದನಂತೆ. “ಆರು ವರ್ಷ ಬರೇ ಅವನ ಬೆನ್ನ ನೋಡೀನಿ” ಎನ್ನುತ್ತಿದ್ದರು. ಆ ಸಿಟ್ಟು ಅವರಿಗೆ ಕೊನೆಯವರೆಗೂ ಹೋಗಲಿಲ್ಲ. ನಿವೃತ್ತರಾದ ಮೇಲೆ ತಮಗೆ ಗೊತ್ತಿದ್ದುದನ್ನೆಲ್ಲ ವಿಡಿಯೋ ಪಾಠ ಮಾಡಿ ಇಂಟರ್ನೆಟ್ಟಿಗೆ ಪುಕ್ಕಟೆ ಬಿಡಲು ಹೊರಟರು. ಫೋನಿನಲ್ಲಿ ಚಿತ್ರ ಹಿಡಿಯುವುದು, ಕತ್ತರಿಸಿ ಜೋಡಿಸುವುದು ನನ್ನ ಪಾಲಿಗೆ ಬಂತು. ಪ್ರತಿ ಪಾಠವೂ ಒಂದೇ ಮಾತಿನಿಂದ ಶುರುವಾಗುತ್ತಿತ್ತು: “ಯಾರ ಬೇಕಾದ್ರೂ ತಗೋರಿ, ಯಾರಿಗಿ ಬೇಕಾದ್ರೂ ಕೊಡ್ರಿ. ನನ್ನ ಕೇಳೂದು ಬ್ಯಾಡ, ಹೆಸರು ಹಾಕೂದೂ ಬ್ಯಾಡ.” ಘಟಪ್ರಭಾದ ಮೊಬೈಲ್ ಅಂಗಡಿಯವನೊಬ್ಬ ಅವನ್ನು ಮೆಮೊರಿ ಕಾರ್ಡಿಗೆ ತುಂಬಿ ಹಂಚಿದ. ಹುಕ್ಕೇರಿ ಕಡೆಯವರೊಬ್ಬರು ಮರಾಠಿಯಲ್ಲಿ ದನಿ ಕೂಡಿಸಿ ಗಡಿಯಾಚೆ ಕಳಿಸಿದರು. ಕೇಳಿ ಸರ್ ಕೂಸಿನಂತೆ ನಗುತ್ತಿದ್ದರು. ಆ ನಗೆ ನೆನೆದರೆ ಈಗ ನನಗೆ ಹೆದರಿಕೆಯಾಗುತ್ತದೆ.

ತೋಟದ ಪಂಪಿನ ಡಬ್ಬಿಯಲ್ಲಿ ಕಂಡೆನ್ಸರ್ ಎಂಬುದೊಂದು ಇರುತ್ತದೆ. ಮೇನ್ ಬಂದ್ ಮಾಡಿದರೂ ಅದು ಕರೆಂಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಸುಮ್ಮನೆ ಕೂತಿರುತ್ತದೆ. ಸರ್ ಅದರ ಎರಡೂ ತುದಿಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ‘ಪಟ್’ ಅನ್ನಿಸಿ, ಖಾಲಿ ಮಾಡಿಯೇ ಒಳಗೆ ಕೈ ಹಾಕುತ್ತಿದ್ದರು. ಪಂಪಿನ ಪಾಠದಲ್ಲೂ ಹಾಗೆಯೇ ಮಾಡಿದರು. ಬಾಯಲ್ಲಿ ಮಾತ್ರ ಹೇಳಲಿಲ್ಲ, ಅವರ ಕೈಗೆ ಅದು ಅಷ್ಟು ರೂಢಿ. ಆ ಕಿಡಿಗೆ ವಿಡಿಯೋ ಪೂರ್ತಿ ಬೆಳ್ಳಗಾಗಿತ್ತು. ನನಗೆ ಆಗ ಎಲ್ಲವನ್ನೂ ಚೆಂದ ಮಾಡುವ ಹುಚ್ಚು. ಚಿತ್ರ ಕೆಟ್ಟಿದೆ ಎಂದುಕೊಂಡು ಆ ಮೂರು ಸೆಕೆಂಡು ಕತ್ತರಿಸಿ ಒಗೆದೆ. ತೋರಿಸಲು ಹೋದರೆ ಸರ್ ನೋಡಲಿಲ್ಲ. “ನೀ ಮಾಡಿದಿ ಅಂದ್ರ ಛಲೋನ ಇರ್ತೈತಿ” ಎಂದರು.

ಒಂದು ವರ್ಷದ ಮೇಲೆ ಬೆಲ್ಲದ ಬಾಗೇವಾಡಿ ಕಡೆಯ ತೋಟವೊಂದರಿಂದ ಫೋನ್ ಬಂತು. ಪಾಠ ನೋಡಿ ಡಬ್ಬಿ ಬಿಚ್ಚಿದ ರೈತನನ್ನು ಕಂಡೆನ್ಸರ್ ಒದ್ದು ಕೆಡವಿತ್ತು. ಆತನನ್ನು ನೋಡಲು ಹೋಗುವ ದಾರಿಯಲ್ಲಿ ಸರ್ ಆ ವಿಡಿಯೋವನ್ನು ಮೊದಲ ಸಲ ನೋಡಿದರು. ಮತ್ತೊಮ್ಮೆ ನೋಡಿ ಫೋನನ್ನು ನನ್ನ ಕೈಗಿಟ್ಟರು.

ಆತ ಹೊರಸಿನ ಮೇಲೆ ಕೂತಿದ್ದ. ಬಾವಿಯ ಕಟ್ಟೆಗೆ ಬಿದ್ದು ಭುಜ ಮುರಿದಿತ್ತು. ಎರಡು ಹೆಜ್ಜೆ ಆಚೆ ಬಿದ್ದಿದ್ದರೆ ಬಾವಿಯೇ. ಅವನ ತಾಯಿ ಸರ್ ಮುಖ ನೋಡಿದಳು. “ಮೊಬೈಲಿನ್ಯಾಗ ಬರೂ ಮಾಸ್ತರ ನೀವ ಏನ್ರಿ? ನೀವು ಮಾಡಿದಂಗ ಮಾಡ್ಯಾನ್ರಿ ನನ್ನ ಮಗ.” ಬಯ್ದಿದ್ದರೆ ವಾಸಿಯಿತ್ತು.

ನಾನು ಬಾಯಿ ತೆರೆಯುವಷ್ಟರಲ್ಲಿ ಸರ್ ಕೈ ಮುಗಿದರು. “ತಪ್ಪು ನಂದ್ರಿ ಯವ್ವಾ. ಹೇಳೂದು ಮರತೀನಿ.” ನಾನು ತೆರೆದ ಬಾಯಿ ಮುಚ್ಚಿಕೊಂಡೆ. ಹೇಡಿತನ, ಅದಕ್ಕೆ ಬೇರೆ ಹೆಸರಿಲ್ಲ.

ಮರಳುವಾಗ ಬಸ್ಸಿನಲ್ಲಿ, “ಯಾಕ್ ಸರ್?” ಎಂದೆ.

“ಈ ವಯಸ್ಸಿನ್ಯಾಗ ಇದನ್ನ ನಿನ್ನ ಮ್ಯಾಲೆ ಹಾಕಿದ್ರ ನಿನ್ನ ಕೈ ನಡಗಾಕ ಹತ್ತತಾವ. ನಡಗೂ ಕೈಲೆ ನಮ್ಮ ಕೆಲಸ ಆಗಂಗಿಲ್ಲ. ಮುಂದ ಕೈ ಗಟ್ಟಿ ಆದಾಗ ನೀನ ಹೇಳ್ತಿ.”

ಅಂದೇ ಹಳೆಯ ಪಾಠ ಅಳಿಸಿ, ಆ ಮೂರು ಸೆಕೆಂಡು ಮರಳಿ ಕೂಡಿಸಿ ಸರಿಪಡಿಸಿದ್ದನ್ನು ಹಾಕಿದೆವು. ಆದರೆ ಯಾರು ಬೇಕಾದರೂ ಒಯ್ಯಿರಿ ಎಂದು ಕೊಟ್ಟದ್ದನ್ನು ಮರಳಿ ಕೇಳುವುದು ಯಾರನ್ನು? ಸರ್ ಚೀಲದಲ್ಲಿ ಸ್ಕ್ರೂಡ್ರೈವರ್ ಹಾಕಿಕೊಂಡು ಗೋಕಾಕ, ಹುಕ್ಕೇರಿ ಕಡೆಯ ಹಳ್ಳಿಗಳನ್ನು ಅಲೆದರು. ಪಂಪು ಕಂಡಲ್ಲೆಲ್ಲ ನಿಂತು ‘ಪಟ್’ ಅನ್ನಿಸಿ ತೋರಿಸಿದರು. ಫೋನ್ ಬಂದಾಗಲೆಲ್ಲ ಅವರ ಮುಖ ಬಿಳಚಿಕೊಳ್ಳುತ್ತಿತ್ತು. ಎರಡು ವರ್ಷ ಹೀಗೇ ನಡೆಯಿತು. ಹೊಸ ಪಾಠ ಬಿಡುವುದನ್ನು ಮಾತ್ರ ನಿಲ್ಲಿಸಲಿಲ್ಲ. “ಬೆನ್ನ ತಿರಗಿಸಿ ಕೂಡು ಅಂದ್ರ ನಾ ಕೂಡಂಗಿಲ್ಲ” ಎನ್ನುತ್ತಿದ್ದರು.

ಹೋದ ಚಳಿಗಾಲದಲ್ಲಿ ಹೃದಯದ ಬೇನೆಯಿಂದ ತೀರಿಕೊಂಡರು. ಹಿಂದಿನ ದಿನ ಆಸ್ಪತ್ರೆಯಲ್ಲಿ ನನ್ನ ಕೈಯನ್ನು ನೇರವಾಗಿ ಅಂಗೈಯಿಂದಲೇ ಹಿಡಿದರು. “ಇನ್ನೂ ಎಲ್ಲೆಲ್ಲಿ ಐತೋ ಅದು” ಎಂದರು.

ಹಳೆಯ ಪಾಠ ಒಂಬತ್ತು ನಿಮಿಷ ಹನ್ನೆರಡು ಸೆಕೆಂಡಿನದು. ಸರಿಪಡಿಸಿದ್ದು ಒಂಬತ್ತು ನಿಮಿಷ ಹದಿನೈದು. ಮೊನ್ನೆ ಬೆಳಿಗ್ಗೆ ರೈತರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಆ ಪಾಠ ಹಾಕಿದ್ದರು. ಕೆಳಗಿನ ಅಂಕಿ ನೋಡಿದೆ: ಹನ್ನೆರಡು. ಕಳಿಸಿದ ನಂಬರಿಗೆ ಫೋನ್ ಮಾಡಿದೆ. ಹೆಂಗಸೊಬ್ಬಳು ಎತ್ತಿದಳು. ಆ ವಿಡಿಯೋ ಹಾಕಿದವರು ಎಲ್ಲಿ ಎಂದು ಕೇಳಿದೆ.

“ಮನಿಯವ್ರು ಅದನ್ನ ನೋಡಿ ಪಂಪಿನ ಡಬ್ಬಿ ಬಿಚ್ಚಾಕ ಹೋಗ್ಯಾರ್ರಿ. ಫೋನ್ ಚಾರ್ಜಿಗಿ ಇಟ್ಟಾರ.”

“ಓಡ್ರಿ ಅಕ್ಕಾರ! ಕೈ ಹಚ್ಚಬ್ಯಾಡ ಅಂತ ಹೇಳ್ರಿ!”

ಆಕೆ ಫೋನ್ ಅಲ್ಲೇ ಇಟ್ಟು ಓಡಿದ ಸದ್ದಾಯಿತು. ಆಮೇಲೆ ದೂರದಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಹಾಡು ಮಾತ್ರ. ಆ ಹಾಡು ಮುಗಿದು ಇನ್ನೊಂದು ಶುರುವಾಯಿತು. ನಾನು ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತಿದ್ದೆ. ಕೊನೆಗೆ ಏದುಸಿರಿನ ಗಂಡಸಿನ ದನಿ ಬಂತು.

“ಯಾರ್ರಿ ನೀವು? ಪಾಠದಾಗ ಎಲ್ಲಾ ಬರೊಬ್ಬರಿ ಐತಲ್ರಿ?”

ನನ್ನ ಕೈ ನೋಡಿಕೊಂಡೆ. ಇನ್ನೂ ನಡುಗುತ್ತಿತ್ತು. ಆದರೂ ಹೇಳಿದೆ.

“ಬರೊಬ್ಬರಿ ಇಲ್ರಿ. ಅದರಾಗ ಮೂರು ಸೆಕೆಂಡು ಇಲ್ಲ. ಕತ್ತರಿಸಿದಾಕಿ ನಾನ.”