ಒಂಟಿ ಶಾಫ್ಟಿನ ಲಾರಿ

ಅವನ ಲಾರಿ ಬರುವುದನ್ನು ಯಾರೂ ಕಣ್ಣಿಂದ ನೋಡಬೇಕಾಗಿರಲಿಲ್ಲ, ಕಿವಿಯಿದ್ದರೆ ಸಾಕಿತ್ತು. ಬೀದಿಯ ತಿರುವಿಗೆ ಬಂದಿತೋ, ಹಿಂದಿನ ಗಾಲಿಗಳು ಟಾರಿಗೆ ಉಜ್ಜಿಕೊಂಡು ‘ಕಿರ್ರ್’ ಎಂದು ಅರಚುತ್ತಿದ್ದವು. ಮಲಗಿದ್ದ ಕೂಸುಗಳು ಎದ್ದು ಕೂರುತ್ತಿದ್ದವು, ಕೂತಿದ್ದ ಮುದುಕರು ಎದ್ದು ನಿಂತು ಬೈಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಅವನಿಗೂ ಒಂದಿತ್ತು; ಬೀದಿಯವರ ಬಾಯಲ್ಲಿ ಮಾತ್ರ ಅವನು ಕಿರ್ರಣ್ಣ.

ಇದು ಅವನೇ ಕೈಯಾರೆ ತಂದುಕೊಂಡ ಹೆಸರು. ಹರೆಯದಲ್ಲಿ ಅವನು ಕಲ್ಲುಗಣಿಯಲ್ಲಿ ಲಾರಿ ಓಡಿಸುತ್ತಿದ್ದ. ಲಾರಿ ತಿರುಗುವಾಗ ಹೊರಮಗ್ಗುಲ ಗಾಲಿ ಹೆಚ್ಚು ದೂರ ಓಡಬೇಕು, ಒಳಮಗ್ಗುಲದ್ದು ಕಡಿಮೆ. ಹಿಂದಿನ ಅಚ್ಚಿನ ನಡುವೆ ಡಿಫರೆನ್ಷಿಯಲ್ ಅಂತ ಒಂದು ಗುಂಡು ಪೆಟ್ಟಿಗೆ ಇರುತ್ತದಲ್ಲ, ಅದರೊಳಗಿನ ಹಲ್ಲುಚಕ್ರಗಳು ಮನೆಯ ಹಿರಿಯರ ಹಾಗೆ ಇಬ್ಬರಿಗೂ ಪಾಲು ಹಂಚಿ ಜಗಳ ಬಿಡಿಸುತ್ತವೆ. ಕೆಸರಿನಲ್ಲಿ ಮಾತ್ರ ಈ ಹಿರೀಕರ ನ್ಯಾಯ ನಡೆಯುವುದಿಲ್ಲ. ಜಾರುವ ಗಾಲಿಯೇ ಗಿರಗಿರ ಸುತ್ತುತ್ತದೆ, ಹಿಡಿತವಿರುವ ಗಾಲಿ ತನಗೇನೂ ಸಂಬಂಧವಿಲ್ಲದಂತೆ ನಿಂತುಬಿಡುತ್ತದೆ. ಅದಕ್ಕೇ ಗಣಿಯ ಡ್ರೈವರುಗಳು ಆ ಹಲ್ಲುಚಕ್ರಗಳನ್ನೆಲ್ಲ ಸೇರಿಸಿ ವೆಲ್ಡ್ ಹೊಡೆಸಿಬಿಡುತ್ತಿದ್ದರು. ಕಿರ್ರಣ್ಣನೂ ಹೊಡೆಸಿದ. ಅಲ್ಲಿಂದ ಎರಡೂ ಕಡೆಯ ಗಾಲಿ ಒಂದೇ ಸಮ ತಿರುಗಿ, ಲಾರಿ ಎಂಥ ಗುಂಡಿಯಿಂದಲೂ ಆನೆಯ ಹಾಗೆ ಎದ್ದು ಬರುತ್ತಿತ್ತು.

ಗಣಿ ಮುಚ್ಚಿತು. ಅವನು ಲಾರಿಯನ್ನು ಪೇಟೆಗೆ ತಂದು ಮರಳು, ಇಟ್ಟಿಗೆ ಹೊಡೆಯತೊಡಗಿದ. ಟಾರು ಕೆಸರಿನಂತೆ ಜಾರಗೊಡುವುದಿಲ್ಲ. ಪ್ರತಿ ತಿರುವಿನಲ್ಲೂ ಎರಡು ಕಡೆಯ ಗಾಲಿಗಳು ಹಗ್ಗಜಗ್ಗಾಟಕ್ಕೆ ನಿಂತು, ಲಾರಿ ಹಟಮಾರಿ ಕೋಣದಂತೆ ಒದೆಯುತ್ತಿತ್ತು.

“ಆ ಬೆಸುಗೆ ಪೆಟ್ಟಿಗೆ ಬಿಚ್ಚಿಸಿ ಹೊಸದು ಹಾಕಿಸ್ರೀ,” ಎನ್ನುತ್ತಿದ್ದಳು ಹೆಂಡತಿ.

“ಮುಂದಿನ ತಿಂಗಳು ನೋಡೋಣ ಕಣೇ.”

“ಯಾವ ವರ್ಷದ ಮುಂದಿನ ತಿಂಗಳು ಅಂತ ಒಂದು ಸಲ ಹೇಳಿಬಿಡಿ, ನನ್ನ ಪಾಡಿಗೆ ಸುಮ್ಮನಿರ್ತೀನಿ.”

ಮಕ್ಕಳಿಲ್ಲದ ಆ ಜೋಡಿಗೆ ಲಾರಿಯೇ ಅರ್ಧ ಮನೆ. ಡ್ರೈವರ್ ಸೀಟಿನ ಹಿಂದೆ ಉದ್ದಕ್ಕೆ ಹಲಗೆ ಹಾಸಿ, ಮೇಲೊಂದು ಹತ್ತಿಯ ಹಾಸಿಗೆ ಹೊಲಿದು ಹಾಕಿದವಳು ಅವಳೇ. ದೂರದ ಬಾಡಿಗೆ ಬಂದರೆ ಅಲ್ಲಿ ಕಾಲು ಚಾಚಿ ಮಲಗಿ, ಅವನಿಗೆ ನಿದ್ದೆ ಹತ್ತದಿರಲೆಂದು ದಾರಿಯುದ್ದಕ್ಕೂ ಜಗಳ ತೆಗೆಯುತ್ತಿದ್ದಳು.

ಅಂಥವಳಿಗೆ ಬೆನ್ನುಮೂಳೆಗೆ ರೋಗ ಹತ್ತಿತು. ಅದೇ ಹಲಗೆಯ ಮೇಲೆ ಮಲಗಿಸಿಕೊಂಡು ಆಸ್ಪತ್ರೆಗೆ ಓಡಾಡುವಾಗ, ತಿರುವು ಬಂದಾಗಲೆಲ್ಲ ಲಾರಿಯ ಒದೆತ ನೇರ ಅವಳ ಮೂಳೆಗೆ ಹೋಗುತ್ತಿತ್ತು. ಅವಳು ತುಟಿ ಕಚ್ಚುತ್ತಿದ್ದಳು.

“ಕೂಗಿಬಿಡೇ, ನೋವಾದ್ರೆ ಕೂಗು,” ಎಂದ ಒಮ್ಮೆ.

“ಲಾರಿ ಕೂಗ್ತಿದೆಯಲ್ಲ. ಒಂದು ಮನೆಗೆ ಒಬ್ಬರು ಸಾಕು.”

ಅವನು ನಗಲಿಲ್ಲ. ಮುಂದಿನ ತಿಂಗಳು, ಮುಂದಿನ ತಿಂಗಳು ಎಂದ ತನ್ನ ನಾಲಿಗೆಯನ್ನು ಅಲ್ಲೇ ಕಿತ್ತು ರಸ್ತೆಗೆ ಎಸೆಯಬೇಕು ಅನ್ನಿಸಿತು.

ಕೊನೆಗೊಂದು ದಿನ ಡಾಕ್ಟರು ಅವನನ್ನು ಬಾಗಿಲಾಚೆ ಕರೆದು, ಇಲ್ಲಿ ಇನ್ನು ಮಾಡುವುದೇನೂ ಉಳಿದಿಲ್ಲ ಎಂದರು. ಒಳಗೆ ಬಂದರೆ ಅವಳಿಗೆ ಆಗಲೇ ಗೊತ್ತಾಗಿತ್ತು.

“ನನ್ನ ಮನೆ, ನನ್ನ ಮಂಚ. ಅಲ್ಲಿಗೆ ಕರ್ಕೊಂಡು ಹೋಗಿ. ಇನ್ನೇನೂ ಕೇಳಲ್ಲ ನಿಮ್ಮನ್ನ.”

“ಆಂಬುಲೆನ್ಸ್ ಹೇಳ್ತೀನಿ. ಮೆತ್ತಗೆ ಹೋಗುತ್ತೆ.”

“ಬೇಡಪ್ಪ. ಗುರುತಿಲ್ಲದವರ ಗಾಡೀಲಿ ನಾನು ಮನೆಗೆ ಹೋಗಲ್ಲ. ನಮ್ಮ ಲಾರೀಲೇ ಬರ್ತೀನಿ.”

ಅವನು ಗ್ಯಾರೇಜಿಗೆ ಓಡಿದ. ಪೆಟ್ಟಿಗೆ ಬಿಚ್ಚಿ ಹೊಸದು ಕೂರಿಸಲು ವೇಳೆ ಎಲ್ಲಿದೆ? ಗಣಿಯವರ ಹಳೆಯ ಉಪಾಯವೊಂದು ಅವನಿಗೆ ಹೊಳೆಯಿತು. ಪೆಟ್ಟಿಗೆಯಿಂದ ಎಡಕ್ಕೊಂದು ಬಲಕ್ಕೊಂದು ಆಕ್ಸೆಲ್ ಶಾಫ್ಟ್ ಹೋಗಿ ಗಾಲಿ ತಿರುಗಿಸುತ್ತವೆ. ಬೆಸೆದ ಲಾರಿಯಲ್ಲಿ ಒಂದು ಶಾಫ್ಟ್ ಮುರಿದರೆ ಅದನ್ನು ಎಳೆದು ಹಾಕಿ, ಉಳಿದ ಒಂದರಲ್ಲೇ ಲಾರಿಯನ್ನು ಗ್ಯಾರೇಜು ಮುಟ್ಟಿಸುತ್ತಿದ್ದರು. ಒಂದು ಕಡೆ ಎಳೆತ, ಇನ್ನೊಂದು ಕಡೆ ಸುಮ್ಮನೆ ಉರುಳುವುದು, ಹಗ್ಗಜಗ್ಗಾಟವೇ ಇಲ್ಲ. ಅವನು ಬೋಲ್ಟು ಬಿಚ್ಚಿ, ಒಂದು ಗಟ್ಟಿ ಶಾಫ್ಟನ್ನು ಬೇಕೆಂದೇ ಎಳೆದು ಮೂಲೆಗಿಟ್ಟ.

ಖಾಲಿ ಲಾರಿ ಹಳ್ಳದಿಣ್ಣೆಗೆ ಕುಣಿಯುತ್ತದೆ, ತೂಕವಿದ್ದರೆ ತೊಟ್ಟಿಲಿನಂತೆ ಹೋಗುತ್ತದೆ. ಹಾಗಾಗಿ ಹಿಂದೆ ಮರಳು ತುಂಬಿಸತೊಡಗಿದ. ಗ್ಯಾರೇಜಿನ ಮೇಸ್ತ್ರಿ ಕೈ ಹಿಡಿದ.

“ಒಂಟಿ ಎತ್ತಿಗೆ ಜೋಡಿ ಎತ್ತಿನ ಭಾರ ಹೇರ್ತೀಯಲ್ಲೋ! ಒಂಟಿ ಶಾಫ್ಟು ಎಳೆಯೋದು ಖಾಲಿ ಲಾರೀನ ಮಾತ್ರ. ಇದನ್ನ ನಿನಗೆ ನಾನು ಹೇಳಿಕೊಡಬೇಕಾ?”

“ಅರ್ಧ ಲೋಡೇ ಮೇಸ್ತ್ರಿ. ಅವಳಿಗೆ ಒಂದೂ ಕುಲುಕು ಹತ್ತಬಾರದು.”

ಮೇಸ್ತ್ರಿ ಅವನ ಮುಖ ನೋಡಿ ಕೈಬಿಟ್ಟ.

ಆಸ್ಪತ್ರೆಯ ಗೇಟಿನಿಂದ ಮೊದಲ ತಿರುವು ಬಂದಾಗ ಅವಳು ಅಭ್ಯಾಸಬಲದಿಂದ ತುಟಿ ಕಚ್ಚಿದಳು. ಲಾರಿ ನೀರಿನಲ್ಲಿ ದೋಣಿ ಹೊರಳಿದಂತೆ ಹೊರಳಿತು. ಸದ್ದಿಲ್ಲ, ಒದೆತವಿಲ್ಲ.

“ರೀ, ಯಾರ ಲಾರಿ ಕದ್ದು ತಂದ್ರಿ?”

“ನಮ್ಮದೇ ಕಣೇ. ನಿನ್ನ ಮಾತು ಕೇಳ್ತು ಕೊನೆಗೆ.”

“ಲಾರಿಗಿರೋ ಬುದ್ಧಿ ನಿಮಗಿರಲಿಲ್ಲ ನೋಡಿ,” ಎಂದು ನಕ್ಕಳು. ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ! ಸ್ಟೀರಿಂಗು ಒಂದು ಕಡೆಗೆ ಎಳೆಯುತ್ತಿತ್ತು. ಅವನು ಬಿಗಿಯಾಗಿ ಹಿಡಿದು, ಬೇಡದ ಎರಡು ಬೀದಿ ಸುತ್ತಿಸಿಯೇ ಕರೆತಂದ. ಈ ಸುಖ ಇನ್ನಷ್ಟು ಹೊತ್ತು ಇರಲಿ ಎಂದು.

ಉಳಿದದ್ದು ಮನೆಯ ಬೀದಿಯ ಏರು. ದಿನಾ ಹತ್ತುವ ಏರೇ. ಕೆಳಗಿನ ಗೇರಿಗೆ ಹಾಕಿ ಏರಿಸಿದ. ಅರ್ಧ ದಾರಿಯಲ್ಲಿ ಹಿಂದಿನಿಂದ ‘ಠಪ್’ ಎಂದಿತು. ಎಂಜಿನ್ ಓಡುತ್ತಲೇ ಇದೆ, ಲಾರಿ ಹಿಂದಕ್ಕೆ ಜಾರುತ್ತಿದೆ. ಉಳಿದಿದ್ದ ಒಂದು ಶಾಫ್ಟ್ ಮರಳಿನ ಭಾರಕ್ಕೆ ಮುರಿದಿತ್ತು. ಬ್ರೇಕಿನ ಮೇಲೆ ನಿಂತು ಅವನು ಕಿರುಚಿದ: “ಗಾಲಿಗೆ ಕಲ್ಲು ಕೊಡ್ರೋ ಯಾರಾದ್ರೂ!”

ಅವನ ಪಕ್ಕದ ಮನೆಯ ಟೈಲರಕ್ಕ ಹೊಲಿಗೆ ಬಿಟ್ಟು ಇಳಿದು ಓಡಿ ಬಂದು ಕಲ್ಲು ಕೊಟ್ಟಳು. ಅವನು ಎಂಜಿನ್ ನಿಲ್ಲಿಸಿ, ಹೆಂಡತಿಯನ್ನು ಹಾಸಿಗೆಯ ಸಮೇತ ತೋಳಿಗೆತ್ತಿಕೊಂಡ. ಹೊತ್ತ ಮೂಟೆಗಳಿಗೆ ಲೆಕ್ಕವಿಲ್ಲದ ಕೈ ಅವನದು. ಈ ತೂಕ ಏನೂ ಅಲ್ಲ. ಏನೂ ಅಲ್ಲವೆಂದೇ ಅವನು ಒಂದೊಂದೇ ಹೆಜ್ಜೆ ನೋಡಿ ಇಟ್ಟು ಏರು ಹತ್ತಿದ.

“ಮದುವೆಯಾದ ಹೊಸದರಲ್ಲಿ ಎತ್ತಿಕೊಳ್ಳಿ ಅಂದಿದ್ದಕ್ಕೆ, ಜನ ನೋಡ್ತಾರೆ ಅಂದಿದ್ರಿ,” ಎಂದಳು ಉಸಿರಿಲ್ಲದ ದನಿಯಲ್ಲಿ.

“ನೋಡಲಿ ಬಿಡೇ.”

ಮನೆ ಬಾಗಿಲಿಗೆ ಬಂದರೆ ಬೀಗ. ಬೀಗದ ಕೈ ಲಾರಿಯ ಕೀಲಿಯ ಗೊಂಚಲಲ್ಲೇ ಇತ್ತು. ಗೊಂಚಲು ಲಾರಿಯಲ್ಲೇ ಉಳಿದಿತ್ತು. ಟೈಲರಕ್ಕ ಪಕ್ಕದಲ್ಲೇ ಇದ್ದ ತನ್ನ ಅಂಗಡಿಯ ಕತ್ತರಿಸುವ ಮೇಜಿನ ಮೇಲಿನ ಬಟ್ಟೆಗಳನ್ನೆಲ್ಲ ನೆಲಕ್ಕೆ ತಳ್ಳಿದಳು. “ಇಲ್ಲಿ ಮಲಗಿಸಣ್ಣ, ನಾನಿದ್ದೀನಿ. ಓಡು.”

ಅವನು ಓಡಿದ. ಗೊಂಚಲು ಹಿಡಿದು ಏರು ಹತ್ತಿ ಬರುವಷ್ಟರಲ್ಲಿ ಟೈಲರಕ್ಕ ಹೊಸ್ತಿಲಲ್ಲಿ ನಿಂತಿದ್ದಳು. ಅಳತೆಪಟ್ಟಿ ಇನ್ನೂ ಕೊರಳಲ್ಲೇ ಇತ್ತು.

“ಬೀಗ ತೆಗೆದ್ರಾ ಅಂತ ಕೇಳಿದಳಣ್ಣ. ತೆಗೆದ್ರು ಕಣವ್ವ, ಹಾಸಿಗೆ ಕೊಡವ್ತಿದ್ದಾರೆ ಅಂದೆ. ಹೂಂ ಅಂದಳು. ಅಷ್ಟೇ, ಉಸಿರು ನಿಂತುಹೋಯ್ತು. ನಾನು ಸುಳ್ಳು ಹೇಳಿದೆ.”

ಅವನು ಹೋಗಿ ಬೀಗ ತೆಗೆದ. ಮಂಚದ ಹಾಸಿಗೆ ಕೊಡವಿದ, ದಿಂಬು ಸರಿಮಾಡಿದ. ಆಮೇಲೆ ಬಂದು ಅವಳನ್ನೆತ್ತಿಕೊಂಡ. ಅಷ್ಟರಲ್ಲಿ ಅಕ್ಕಪಕ್ಕದವರು ಸೇರಿದ್ದರು. ಮನೆಯೊಳಗೆ ಕೋಣೆಗೆ ತಿರುಗುವ ಕಡೆ ಇಕ್ಕಟ್ಟು. ಯಾರೋ ಕಾಲಿನ ಕಡೆ ಹಿಡಿದು ಬೇಗ ಹೊರಳಿಸಲು ಹೋದರು.

“ನಿಧಾನ,” ಎಂದ ಕಿರ್ರಣ್ಣ. “ತಿರುಗುವಾಗ ಅವಳಿಗೆ ನೋವಾಗುತ್ತೆ.”

ಹಿಡಿದವರು ಕೈ ಸಡಿಲಿಸಿ, ಅವನು ಹೇಳಿದಷ್ಟೇ ನಿಧಾನವಾಗಿ ತಿರುಗಿದರು.